ಎರಡು ಸೀಟಿಗೆ ಹೊರಡುತ್ತಿದ್ದ ಕಾರು

ಅವರ ಕಾರು ಹೊರಡಬೇಕಾದರೆ ಯಾರಾದರೂ ‘ರೈಟ್’ ಅನ್ನಬೇಕಿತ್ತು. ಬ್ಯಾಟರಿ ತುಂಬಿದೆ, ಬಾಗಿಲು ಹಾಕಿದೆ, ಬೆಲ್ಟ್ ಬಿಗಿದಿದೆ, ಮುಂದೆ ರಸ್ತೆ ಖಾಲಿ ಇದೆ. ಆದರೂ ಅವರು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿರುತ್ತಿದ್ದರು. ಆ ಒಂದು ಮಾತು ಕಿವಿಗೆ ಬಿದ್ದ ಮೇಲೆಯೇ ಗಾಡಿ ಕದಲುವುದು. ಸಾರಿಗೆ ಬಸ್ಸಿನಲ್ಲಿ ಮೂವತ್ತೆರಡು ವರ್ಷ ಡ್ರೈವರ್ ಆಗಿದ್ದವರು; ಕಂಡಕ್ಟರ್ ಹೇಳದೆ ಚಕ್ರ ಉರುಳಿಸಿದವರಲ್ಲ. ನಿವೃತ್ತರಾಗಿ, ಅರಳಗುಪ್ಪೆ ಕಡೆಯ ತೋಟಕ್ಕೆ ಬಂದು ನೆಲೆಸಿ, ಪೆಟ್ರೋಲೂ ಡೀಸೆಲ್ಲೂ ಬೇಡದ ಕಾರು ಕೊಂಡ ಮೇಲೂ ಆ ಅಭ್ಯಾಸ ಹೋಗಲಿಲ್ಲ. ಮನೆಯಲ್ಲಿ ‘ರೈಟ್’ ಹೇಳುವ ಕೆಲಸ ಅವರ ಹೆಂಡತಿಯದು. ಭಾನುವಾರ ಬೆಳಿಗ್ಗೆ ತಿಪಟೂರಿನ ಹೊರಗಿನ ಚಾರ್ಜಿಂಗ್ ಜಾಗದಲ್ಲಿ ಅದು ನನ್ನ ಪಾಲಿಗೆ ಬಂತು. ಏಕೆಂದರೆ ನನ್ನ ಬಳಿ ಸೀಟಿ ಇತ್ತು.

ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿದ್ದವನು. ಕೆಲಸ ಬಿಟ್ಟು ಹನ್ನೆರಡು ವರ್ಷವಾದರೂ ಸೀಟಿ ಜೇಬು ಬಿಟ್ಟಿಲ್ಲ. ಬೆಳಗಿನ ಐದೂವರೆಗೆ ನಡೆಯಲು ಹೊರಟಾಗ ಬೀದಿನಾಯಿಗಳಿಗೆ ಬೇಕಾಗುತ್ತದೆ. ಮೊದಲ ಪರಿಚಯದ ದಿನವೇ ಅವರು ಅದನ್ನು ನೋಡಿದರು.

“ಮೇಷ್ಟ್ರೇ, ಒಂದು ಊದಿದ್ರೆ ಸ್ಟಾಪು, ಎರಡು ಊದಿದ್ರೆ ರೈಟು. ಮರೀಬ್ಯಾಡಿ.”

“ಮೂರು ಊದಿದರೆ?”

“ಮೂರು ಊದಿದ್ರೆ ಕಂಡಕ್ಟ್ರಿಗೆ ಕುಡಿದದ್ದು ಇಳಿದಿಲ್ಲ ಅಂತ.”

ನಿಯಮ ಗಟ್ಟಿಯಾಗಿರುವ ಮನುಷ್ಯರನ್ನು ಕಂಡರೆ ನನಗೆ ಇಷ್ಟ. ಅಂದಿನಿಂದ ಪ್ರತಿ ಭಾನುವಾರ ಅವರ ಕಾರಿಗೆ ಎರಡು ಸೀಟಿ ಊದಿ ಕಳಿಸಿದೆ.

ಆ ಜಾಗದ ವಿಷಯ ಒಂದಿಷ್ಟು ಹೇಳಬೇಕು. ಹೆದ್ದಾರಿ ಬದಿಯ ಒಂದು ಹೋಟೆಲು. ಅದರ ಪಕ್ಕ ಎರಡು ಚಾರ್ಜಿಂಗ್ ಕಂಬ. ಏಳು ಗಂಟೆಗೆ ನಾವು ನಾಲ್ಕು ಜನ ಸೇರುತ್ತಿದ್ದೆವು. ನಾನು, ಅವರು, ಕೊಬ್ಬರಿ ಮಂಡಿಯ ಸಾಹುಕಾರರೊಬ್ಬರು, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಲೆಕ್ಚರರ್ ಮೇಡಂ. ನಾಲ್ವರದೂ ಕರೆಂಟಿನ ಕಾರುಗಳೇ. ಕಾರುಗಳು ಚಾರ್ಜ್ ಆಗುವಷ್ಟು ಹೊತ್ತು ನಾವು ತಟ್ಟೆ ಇಡ್ಲಿ ತಿಂದು, ಕಾಫಿ ಕುಡಿದು, ವಾದ ಮಾಡುತ್ತಿದ್ದೆವು. ಬೇರೆಯವರ ಮನೆ ವಿಷಯ ಎತ್ತುವಂತಿರಲಿಲ್ಲ. ರಾಜಕೀಯವೂ ಬೇಡ. ಕಾರಿನ ವಿಷಯ ಮಾತ್ರ. ಈ ಕಟ್ಟಳೆ ನಾನೇ ಮಾಡಿದ್ದು. ಎಂಟೂವರೆಗೆ ಸಭೆ ಮುಗಿಯಬೇಕೆಂಬುದೂ ನನ್ನದೇ.

ಎಲ್ಲರೂ ಅವರನ್ನು ಡ್ರೈವರಣ್ಣ ಎನ್ನುತ್ತಿದ್ದರು. ಅವರು ವೇಗದ ಚಾರ್ಜಿಂಗಿನ ಕಡು ವಿರೋಧಿ. ತಾವು ಕಂಬಕ್ಕೆ ತಂತಿ ಸಿಕ್ಕಿಸುತ್ತಿದ್ದುದೇ ಅಪರೂಪ. ಮನೆಯಲ್ಲಿ ಕೊಬ್ಬರಿ ಅಟ್ಟದ ಕೆಳಗೆ ಕಾರು ನಿಲ್ಲಿಸಿ, ಸಾಧಾರಣ ಪ್ಲಗ್ಗಿಗೆ ಹಾಕಿ, ಇಡೀ ರಾತ್ರಿ ನಿಧಾನವಾಗಿ ತುಂಬಿಸಿಕೊಂಡು ಬಂದಿರುತ್ತಿದ್ದರು. ಭಾನುವಾರ ಬರುತ್ತಿದ್ದುದು ವಾದಕ್ಕೆ ಮತ್ತು ಇಡ್ಲಿಗೆ.

“ಕಾಯಿ ಅಟ್ಟದ ಮೇಲೆ ಹನ್ನೊಂದು ತಿಂಗಳು ಮಲಗಬೇಕು” ಎನ್ನುತ್ತಿದ್ದರು. “ತನ್ನ ನೀರು ತಾನೇ ಕುಡೀಬೇಕು. ಆಮೇಲೆ ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ರೆ ಒಳಗೆ ಗುಂಡು ಲೊಟಲೊಟ ಅಂತದೆ. ಅದು ಕೊಬ್ಬರಿ. ಅವಸರಕ್ಕೆ ಒಲೆ ಹಚ್ಚಿ ಹೊಗೆ ಕೊಟ್ರೆ ಅದೂ ಒಣಗ್ತದೆ. ಆದ್ರೆ ತಿಂದೋನಿಗೆ ಗೊತ್ತಾಯ್ತದೆ.”

“ಅಣ್ಣಾ, ಕೊಬ್ಬರಿಗೆ ಹನ್ನೊಂದು ತಿಂಗಳು ಸರಿ ಕಣಣ್ಣ” ಎಂದರು ಸಾಹುಕಾರರು. “ನನಗೆ ಬೆಂಗಳೂರಲ್ಲಿ ಹನ್ನೊಂದು ಗಂಟೆಗೆ ಕೆಲಸ.”

“ಬಸ್ಸಲ್ಲಿ ಹೋಗಿ. ನಮ್ಮ ಹುಡುಗ್ರು ಚೆನ್ನಾಗಿ ಓಡಿಸ್ತಾರೆ.”

ವೈಪರಿನ ವಿಷಯದಲ್ಲೂ ಹೀಗೆಯೇ. ಮಳೆ ಹನಿ ಬಿದ್ದರೆ ತಾನೇ ಓಡುವ ವೈಪರು ನಮ್ಮೆಲ್ಲರ ಕಾರಿನಲ್ಲೂ ಇದೆ, ಅವರ ಕಾರಿನಲ್ಲೂ ಇತ್ತು. ಅವರು ಅದನ್ನು ಕೊಂಡ ದಿನವೇ ಆಫ್ ಮಾಡಿದ್ದರು. ಮೋಡ ಕಂಡರೆ ಕಿಟಕಿ ಇಳಿಸಿ ಬಲಗೈಯನ್ನು ಹೊರಗೆ ಚಾಚುವರು. ಅಂಗೈ ಮೇಲ್ಮುಖ. ಎರಡು ಹನಿ ಬಿದ್ದರೆ ಕೈ ಒಳಗೆ ಬಂದು ಷರಟಿಗೆ ಒರೆಸಿಕೊಳ್ಳುವುದು. ನಾಲ್ಕೈದು ಬಿದ್ದರೆ ವೈಪರಿನ ಕಡ್ಡಿಗೆ ಹೋಗುವುದು. ಹಳೆಯ ಬಸ್ಸುಗಳಲ್ಲಿ ವೈಪರು ಇದ್ದರೂ ಇಲ್ಲದಂತೆಯೇ. ಆಗ ಹೊಗೆಸೊಪ್ಪು ನೆನೆಸಿ ಗಾಜಿಗೆ ಉಜ್ಜಿ, ಮುಂಗಾರೆಲ್ಲ ಓಡಿಸಿದವರು ಅವರು.

“ಮಳೆ ಬಂತಾ ಅಂತ ಅಂಗೈನ ಕೇಳಬೇಕು ಕಣಮ್ಮ, ಗಾಜನ್ನಲ್ಲ” ಎಂದು ಮೇಡಂಗೆ ಪಾಠ ಹೇಳಿದ್ದರು. ಮೇಡಂ ನಗುತ್ತ, “ನಿಮ್ಮ ಅಂಗೈಯೂ ಸೆನ್ಸರೇ ಅಲ್ವಾ ಅಣ್ಣ” ಎಂದರು. ಅವರು ಕೈಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡು, “ಇದುಕ್ಕೆ ಚಾರ್ಜು ಬ್ಯಾಡ” ಎಂದರು.

ಅವರದು ಇನ್ನೊಂದು ಕಟ್ಟಳೆ ಇತ್ತು. ಡ್ರೈವರ್ ಸೀಟಿನಲ್ಲಿ ಬೇರೆಯವರು ಕೂರಬಾರದು. ಸೀಟಿನ ಮೇಲೆ ನಾಲ್ಕು ಮಡಿಕೆ ಮಾಡಿದ ಒಂದು ಟವಲು ಹಾಸಿರುತ್ತಿತ್ತು. ಅವರು ಇಳಿದು ಹೋದರೂ ಟವಲು ಅಲ್ಲೇ ಕಾವಲಿರುತ್ತಿತ್ತು. ಒಮ್ಮೆ ಸಾಹುಕಾರರು, ಕೂತು ನೋಡುತ್ತೇನೆಂದು ಬಾಗಿಲಿಗೆ ಕೈ ಹಾಕಿದರು.

“ಸಾಹುಕಾರ್ರೇ, ನಿಮ್ಮ ಮಂಡಿ ಗಾದಿ ಮೇಲೆ ನನ್ನ ಕೂರಿಸ್ತೀರಾ?”

“ಅದಕ್ಕೇನಂತೆ, ಬನ್ನಿ ಕೂತ್ಕಳಿ.”

“ನಾನು ಕೂರಕಿಲ್ಲ. ಹಂಗೇ ನೀವೂ ಕೂರಬ್ಯಾಡಿ.”

ಇದೆಲ್ಲ ತಮಾಷೆಯಾಗಿಯೇ ನಡೆಯುತ್ತಿತ್ತು. ಅವರು ನಗದೆ ಹೇಳಿದ ಕಥೆ ನನಗೆ ನೆನಪಿರುವಂತೆ ಒಂದೇ. ಅವರ ಜೊತೆಯ ಡ್ರೈವರೊಬ್ಬರು ಕಣ್ಣಿನ ಪರೀಕ್ಷೆಯಲ್ಲಿ ನಪಾಸಾಗಿ, ಬಸ್ಸು ಕಳೆದುಕೊಂಡು, ಡಿಪೋದ ಗೇಟಿನ ಕಾವಲಿಗೆ ಹಾಕಿಸಿಕೊಂಡರಂತೆ. “ಅಷ್ಟು ವರ್ಷ ಬಸ್ಸು ತಗೊಂಡು ಆ ಗೇಟಲ್ಲಿ ಹೊರಗೆ ಹೋಗ್ತಿದ್ದೋನು, ಅದೇ ಗೇಟಲ್ಲಿ ನಿಂತ್ಕಂಡು ನಮಗೆ ಕೈ ಎತ್ತತಿದ್ದ ಮೇಷ್ಟ್ರೇ. ನಾನು ಒಂದಿನಾನೂ ಅವನ ಮುಖ ನೋಡಲಿಲ್ಲ. ಎದುರಿಗೆ ಗಾಡಿ ಬತ್ತಿದೆ ಅನ್ನೋ ಹಂಗೆ ಆಕಡೆ ನೋಡ್ಕಂಡು ಹೋಗ್ತಿದ್ದೆ.” ಆ ಮಾತಿನ ನಂತರ ಕಾಫಿಯನ್ನು ಪೂರ್ತಿ ಕುಡಿಯದೆ ಎದ್ದರು. ಅವರಿಗೆ ಸಾವಿನ ಭಯವಿರಲಿಲ್ಲ, ಆ ಗೇಟಿನ ಭಯವಿತ್ತು.

ಮೂರು ವರ್ಷದ ಹಿಂದಿನ ಮುಂಗಾರಿನಲ್ಲಿ ಒಂದು ಭಾನುವಾರ ಅವರೇ ಹೊಸ ವಿಷಯ ತಂದರು. ಕಾರಿನ ಮುಂದಿನ ಗಾಜು ಮಬ್ಬಾಗುತ್ತಿದೆ. ಎಷ್ಟು ಒರೆಸಿದರೂ ಹೋಗುವುದಿಲ್ಲ. ಅದೂ ಪೂರ್ತಿ ಗಾಜಲ್ಲ, ಬಲಗಡೆ, ಅವರ ಎದುರಿಗಿರುವಷ್ಟು ಮಾತ್ರ.

ನಮಗೆ ಹಬ್ಬವಾಯಿತು.

ಸಾಹುಕಾರರು ವೈಪರಿನ ರಬ್ಬರು ಬದಲಿಸಬೇಕೆಂದರು. ಬದಲಿಸಿದ್ದಾಯಿತು. ಮೇಡಂ, ಕನ್ನಡಿಯ ಹಿಂದೆ ಗಾಜಿಗಂಟಿದ ಸೆನ್ಸರನ್ನು ತೋರಿಸಿ, ಅದು ಗಾಜಿನೊಳಕ್ಕೆ ಬೆಳಕು ಬಿಡುತ್ತದೆ, ಮೇಲೆ ಹನಿ ಇದ್ದರೆ ವಾಪಸು ಬರುವ ಬೆಳಕು ಕಡಿಮೆಯಾಗುತ್ತದೆ, ಹಾಗೆ ಅದಕ್ಕೆ ಮಳೆ ತಿಳಿಯುತ್ತದೆ ಎಂದು ವಿವರಿಸಿದರು. ಆಟೋ ಹಾಕಿ ನೋಡೋಣ, ಕಣ್ಣಿಗೆ ಕಾಣದ ತೇವವಿದ್ದರೂ ಅದು ಹಿಡಿಯುತ್ತದೆ ಎಂದರು. ಡ್ರೈವರಣ್ಣ ಒಲ್ಲದ ಮನಸ್ಸಿನಿಂದ ಆಟೋ ಹಾಕಿದರು. ವೈಪರು ಅಲುಗಲಿಲ್ಲ.

“ನೋಡಿದ್ರಾ? ಇಷ್ಟು ಮಬ್ಬಿದ್ರೂ ಗಾಜು ಕ್ಲೀನಾಗಿದೆ ಅಂತದೆ. ಇದುನ್ನ ನಂಬ್ಕಂಡು ನೀವು ಶಿರಾಡಿ ಘಾಟು ಇಳೀತೀರಿ!”

ನಾನು ಕ್ರಮವಾಗಿ ಪರೀಕ್ಷೆ ಮಾಡಿದೆ. ಮುಂದಿನ ಭಾನುವಾರ ಒಂದು ಚಮಚ, ಒಂದು ಲೋಟ, ಒಂದು ಚೊಂಬು ಒಯ್ದು, ಗಾಜಿನ ಮೇಲೆ ಒಂದೊಂದೇ ಅಳತೆಯ ನೀರು ಹಾಕಿ, ವೈಪರು ಎಷ್ಟು ಸೆಕೆಂಡಿಗೆ ಓಡುತ್ತದೆಂದು ಸ್ಟಾಪ್‌ವಾಚಿನಲ್ಲಿ ನೋಡಿ ಬರೆದುಕೊಂಡೆ. ಸೆನ್ಸರು ಪ್ರತಿಬಾರಿಯೂ ಸರಿಯಾಗಿಯೇ ಕೆಲಸ ಮಾಡಿತು. ಇದರಿಂದ ನಾನು ಯಾವ ತೀರ್ಮಾನಕ್ಕೆ ಬರಬೇಕಿತ್ತೋ ಅದಕ್ಕೆ ಬರಲಿಲ್ಲ.

ಬಂದ ತೀರ್ಮಾನವೇ ಬೇರೆ. ಕಾರು ನಿಲ್ಲುವುದು ಕೊಬ್ಬರಿ ಅಟ್ಟದ ಕೆಳಗೆ. ಅಟ್ಟದ ಗಳುಗಳ ಸಂದಿಯಿಂದ ಕಾಯಿಯ ನಾರಿನ ದೂಳು ಸದಾ ಉದುರುತ್ತದೆ. ಕೊಬ್ಬರಿಯ ಎಣ್ಣೆಯ ಪಸೆಯೂ ಸೇರಿ ಗಾಜಿಗೆ ಹಿಡಿದಿದೆ. ಬಲಗಡೆಗೇ ಯಾಕೆ? ಅಟ್ಟದ ಸಂದಿ ಬಲಗಡೆ ಅಗಲವಿದೆ. ನಾವು ಮೂವರೂ ಅವರ ತೋಟಕ್ಕೆ ಹೋಗಿ, ತಲೆಯೆತ್ತಿ ನೋಡಿ, ಸಂದಿ ಅಗಲವಿರುವುದನ್ನು ಕಂಡು, ಪರಸ್ಪರ ತಲೆ ಆಡಿಸಿದೆವು.

“ಹಂಗಾದ್ರೆ ಕಾಯಿ ಇಳಿಸಿ ಅಟ್ಟ ಸರಿ ಮಾಡಿಸಿ” ಎಂದರು ಸಾಹುಕಾರರು.

“ಒಂಬತ್ತು ತಿಂಗಳ ಬಸುರೀನ ಎಬ್ಬಿಸಿ ಓಡಿಸ್ತೀರಾ? ಕಾಯಿ ಅಲ್ಲಾಡಬಾರದು. ಕಾರೇ ಆಚೆ ನಿಲ್ಲಿಸ್ತೀನಿ ಬುಡಿ.”

ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳುತ್ತಿದ್ದರು. ಏನೋ ಹೇಳಲು ಬಾಯಿ ತೆರೆದರು. ಇವರು, “ನೀನು ಸುಮ್ಕಿರು ಕಣೇ, ಟೆಕ್ನಿಕಲ್ಲು” ಎಂದರು. ಆಕೆ ಲೋಟ ತೆಗೆದುಕೊಂಡು ಒಳಗೆ ಹೋದರು.

ಕಾರು ಹೊರಗೆ ನಿಂತಿತು. ಮಬ್ಬು ಹೋಗಲಿಲ್ಲ. ಆದರೂ ನಮ್ಮಲ್ಲಿ ಒಬ್ಬರಿಗೂ, ಆ ಟವಲಿನ ಮೇಲೆ ಕೂತು ಅಲ್ಲಿಂದ ಗಾಜು ಹೇಗೆ ಕಾಣುತ್ತದೆಂದು ನೋಡಬೇಕೆನ್ನಿಸಲಿಲ್ಲ. ಕಟ್ಟಳೆ ಎಂದರೆ ಕಟ್ಟಳೆ. ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ.

ಆ ಶ್ರಾವಣದಲ್ಲಿ ಮೇಡಂ ಹುಳಿಯಾರಿನಲ್ಲಿ ಕಟ್ಟಿಸಿದ ಮನೆಯ ಗೃಹಪ್ರವೇಶ. ನಾನು ಡ್ರೈವರಣ್ಣನ ಕಾರಿನಲ್ಲಿ ಹೊರಟೆ. ಅತಿಥಿಯೆಂದು ನನ್ನನ್ನು ಮುಂದೆ ಕೂರಿಸಿ, ಅವರ ಹೆಂಡತಿ, ನಮಗೆಲ್ಲ ಅಕ್ಕನವರು, ಹಿಂದೆ ಕೂತರು. ‘ರೈಟ್’ ಹಿಂದಿನಿಂದ ಬಂತು, ಬಸ್ಸಿನಲ್ಲಿ ಬರುವಂತೆಯೇ. ಹಾಲ್ಕುರಿಕೆ ದಾಟಿದ ಮೇಲೆ ಸಣ್ಣ ಜಡಿಮಳೆ ಹಿಡಿಯಿತು. ಅಂಗೈ ಹೊರಗೆ ಹೋಯಿತು, ಒಳಗೆ ಬಂತು, ವೈಪರು ಓಡಿತು. ಮಳೆಯಲ್ಲಿ ಅವರು ಯಾವಾಗಲೂ ಮೆಲ್ಲಗೆ ಹೋಗುವವರು. ಅಂದು ಇನ್ನೂ ಮೆಲ್ಲಗೆ ಹೋಗುತ್ತಿದ್ದರು.

ಸ್ವಲ್ಪ ಮುಂದೆ ಬಲಗಡೆಯ ಹಳ್ಳದಿಂದ ಕುರಿಹಿಂಡು ರಸ್ತೆಗೆ ಹತ್ತುತ್ತಿತ್ತು. ನೆನೆದ ಕುರಿಗಳು ಮಳೆಯ ಬಣ್ಣವೇ ಆಗಿದ್ದವು. ನಾನು ನೋಡಿದೆ. ಅವರೂ ನೋಡಿದ್ದಾರೆಂದುಕೊಂಡೆ. ಮೂವತ್ತೆರಡು ವರ್ಷದ ಡ್ರೈವರಿಗೆ ‘ಕುರಿ ನೋಡಿ’ ಎನ್ನುವುದು ಅವಮಾನವೆಂದು ಬಾಯಿ ಮುಚ್ಚಿಕೊಂಡೆ. ಎದುರಿಗೆ ಅಡ್ಡ ಬಂದದ್ದನ್ನು ಹಿಡಿಯುವ ಕಾರಿನ ಸೆನ್ಸರು ಕೂಗತೊಡಗಿತು. ಪರದೆಯ ಮೇಲೆ ಕೆಂಪು ಗೆರೆ ಬಂತು.

“ಸುಮ್ಸುಮ್ನೆ ಕೂಗ್ತದೆ ನೋಡಿ. ರೋಡು ಖಾಲಿ ಇದೆ, ಇದುಕ್ಕೆ ಏನು ರೋಗ?”

ಅಷ್ಟರಲ್ಲಿ ನನ್ನ ಕೈ ತಾನೇ ಜೇಬಿಗೆ ಹೋಗಿ ಸೀಟಿಯನ್ನು ಬಾಯಿಗೆ ತಂದಿತ್ತು. ಒಂದೇ ಒಂದು ಸೀಟಿ ಊದಿದೆ, ಜೋರಾಗಿ.

ಅವರ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ಇದ್ದಲ್ಲೇ ನಿಂತಿತು. ಸೆನ್ಸರಿನ ಮಾತು ನಂಬದ ಮನುಷ್ಯ ಸೀಟಿಯ ಮಾತನ್ನು, ಯಾಕೆ ಎಂದು ಕೇಳುವ ಮೊದಲೇ ಪಾಲಿಸಿದ್ದರು. ಬಾನೆಟ್ಟಿಗೆ ಒಂದು ಮೊಳ ದೂರದಲ್ಲಿ ಒಂದು ಟಗರು ನಿಂತು ನಮ್ಮನ್ನು ನೋಡುತ್ತಿತ್ತು.

ಕಂಬಳಿಗೊಪ್ಪೆ ಹಾಕಿಕೊಂಡಿದ್ದ ಕುರಿಗಾರ್ತಿ ಬಂದು ಅವರ ಕಿಟಕಿ ಬಡಿದಳು. “ಏನಣ್ಣೋ, ಕುರಿ ನಿನ್ನ ಮಡ್ಲಿಗೆ ಬಂದು ಕೂರಬೇಕಾ ಕಾಣಾಕೆ? ಅಷ್ಟು ದೊಡ್ಡ ಗಾಜು ಇಟ್ಕಂಡಿದೀಯ!”

ಎಂಥ ಮಾತಿಗೂ ಮಾತು ಕೊಡುವವರು ಗಾಜನ್ನು ಒಳಗಿನಿಂದ ಅಂಗೈಯಲ್ಲಿ ಒರೆಸತೊಡಗಿದರು. ಹಿಂಡು ದಾಟಿತು.

“ಇಳಿಯಿರಿ” ಎಂದೆ. ಶಾಲೆಯ ಮೈದಾನದ ದನಿ ಹೊರಟಿತು. ಅವರು ಇಳಿದು ಮಳೆಯಲ್ಲಿ ನಿಂತರು. ನಾನು ಸುತ್ತಿಕೊಂಡು ಹೋಗಿ ಟವಲಿನ ಮೇಲೆ ಕೂತೆ. ಗಾಜು ಸ್ವಚ್ಛವಾಗಿತ್ತು. ಹನಿಗಳು, ವೈಪರು, ಹಳ್ಳ, ದೂರದ ತೆಂಗು, ಟಗರಿನ ಕೊಂಬಿಗೆ ಹಚ್ಚಿದ್ದ ಕೆಂಪು ಬಣ್ಣ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಹಿಂದಿನ ಸೀಟಿನಿಂದ ಅಕ್ಕನವರು ಹೇಳಿದರು: “ಮೂರು ತಿಂಗಳಿಂದ ಕಾಯಿ ಆಯೋವಾಗ ಎಡಗಣ್ಣಿಗೇ ಹತ್ರ ಹಿಡಿದು ನೋಡ್ತಾರೆ ಮೇಷ್ಟ್ರೇ. ಹೇಳಣ ಅಂದ್ರೆ ನೀವೆಲ್ಲ ಸೆನ್ಸಾರು, ಅಟ್ಟ, ಸಂದಿ ಅಂತಿದ್ರಿ. ಓದಿದೋರು, ನಿಮಗೆ ತಿಳೀದೇ ಇರ್ತದಾ ಅಂತ ಸುಮ್ಕಾದೆ.”

ನಾನು ಕಿಟಕಿ ಇಳಿಸಿದೆ. ಅವರು ಬಾಗಿ, ನನ್ನನ್ನು ನೋಡದೆ, ಬಾಗಿಲಿನ ಅಂಚನ್ನು ಬೆರಳಿಂದ ಒರೆಸುತ್ತ ಹೇಳಿದರು: “ಗೊತ್ತಿತ್ತು ಮೇಷ್ಟ್ರೇ. ಆದ್ರೆ ನೀವೆಲ್ಲ ಅಷ್ಟು ಚೆನ್ನಾಗಿ ಗಾಜಿನ ಮೇಲೇ ತಪ್ಪು ಹೊರಿಸ್ತಿದ್ರಿ. ನನಗೂ ಹಂಗೇ ಇರ್ಲಿ ಅನ್ನಿಸ್ತು.” ಆಮೇಲೆ, “ಡಾಕ್ಟ್ರು ಬ್ಯಾಡ ಅಂತ ಬರೆದುಬಿಟ್ರೆ?” ಎಂದರು.

ಆ ಪ್ರಶ್ನೆಯಲ್ಲಿ ನನಗೆ ಡಿಪೋದ ಗೇಟು ಕಾಣಿಸಿತು. ಅಂದು ಕಾರು ನಾನು ಓಡಿಸಿದೆ; ಗೃಹಪ್ರವೇಶದ ಊಟಕ್ಕೆ ಅವರು ಎಡಗಡೆ ಸೀಟಿನಲ್ಲಿ ಕೂತು ಬಂದರು.

ಡಾಕ್ಟರು ಬೇಡವೆಂದು ಬರೆಯಲಿಲ್ಲ. ಬಲಗಣ್ಣಿಗೆ ಪೊರೆ ಬಲಿತಿದೆ, ಎಡಗಣ್ಣಿಗೆ ಶುರುವಾಗಿದೆ, ತೆಗೆದರೆ ಸರಿಹೋಗುತ್ತದೆ, ತಾವು ಹೇಳುವವರೆಗೆ ಮಾತ್ರ ಸ್ಟೇರಿಂಗ್ ಮುಟ್ಟಬಾರದು ಎಂದರು. ಅಷ್ಟು ದಿನ ನಾನು ಓಡಿಸುತ್ತೇನೆಂದು ಒಪ್ಪಿಕೊಂಡೆ. ಒಪ್ಪಬಾರದಿತ್ತು. ಎಡಗಡೆ ಕೂತ ಅವರು, ನಾನು ಬ್ರೇಕು ತುಳಿಯುವ ಮೊದಲೇ ನೆಲ ತುಳಿಯುವರು. ಪ್ರತಿ ತಿರುವಿಗೂ ಕೈ ತಿರುಗಿಸುವರು. ಇಲ್ಲದ ಗೇರಿಗೆ ಬೈಯುವರು. “ಮೇಷ್ಟ್ರೇ, ಕವಾಯತು ಮಾಡಿಸ್ತಿದೀರಾ, ಗಾಡಿ ಓಡಿಸ್ತಿದೀರಾ?” ನಾಲ್ಕನೆಯ ದಿನ ನಾನು ಕೀಲಿ ಕೊಟ್ಟು ಕೈಮುಗಿದೆ.

ಅವರು ಕೀಲಿಯನ್ನು ಹೆಂಡತಿಯ ಕೈಗೆ ಹಾಕಿದರು. “ಬಾರೇ ಈಕಡೆ. ಕೂತ್ಕ” ಎಂದರು. ಟವಲನ್ನು ತಾವೇ ಕೊಡವಿ, ಮತ್ತೆ ನಾಲ್ಕು ಮಡಿಕೆ ಮಾಡಿ ಹಾಸಿದರು. ಆಕೆಗಾಗ ಅರವತ್ತು ತುಂಬಿತ್ತು.

ಕಲಿತದ್ದು ತೋಟದ ಕಣದಲ್ಲಿ. ಸುಲಿದ ಕಾಯಿಯ ಮಟ್ಟೆಯ ಗುಡ್ಡೆಗಳ ನಡುವೆ ಕಾರಿನಿಂದ ಎಂಟರ ಅಂಕಿ ಬರೆಸಿದರು. ಒಂದು ಕಣ್ಣಿನ ಪೊರೆ ತೆಗೆಸಿ ಕರಿ ಕನ್ನಡಕ ಹಾಕಿಕೊಂಡು, ಕೈಯಲ್ಲಿ ತೆಂಗಿನ ಗರಿ ಹಿಡಿದು ಅವರು ನಿಂತಿರುತ್ತಿದ್ದರು. ಮಟ್ಟೆಗೆ ತಾಗಿದರೆ, “ಅಗೋ, ಒಬ್ಬ ಪ್ಯಾಸೆಂಜರ್ ಹೋದ!” ಎಂದು ಕೂಗುವರು. ಆಕೆ, “ನಿಮ್ಮ ಪ್ಯಾಸೆಂಜರ್ರು ಅಡ್ಡ ಬಂದ್ರೆ ನಾನೇನು ಮಾಡ್ಲಿ, ನಿಂತ್ಕಳಾಕೆ ಹೇಳಿ” ಎನ್ನುವರು. ಸಾಯಂಕಾಲ ಲೆಕ್ಕ ಹಾಕಿದರೆ ಅರ್ಧ ಬಸ್ಸು ಸತ್ತಿರುತ್ತಿತ್ತು. ಲೈಸೆನ್ಸ್ ಇಲ್ಲದೆ ತೋಟದ ಬೇಲಿ ದಾಟಕೂಡದು ಎಂದು ನಾನು ಕಟ್ಟುನಿಟ್ಟಾಗಿ ಹೇಳಿದೆ. ಆಕೆ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದರು.

ಎರಡೂ ಕಣ್ಣಿನ ಪೊರೆ ತೆಗೆಸಿದ ಮೇಲೆ ಅವರು ನಮ್ಮ ಸಭೆಗೆ ಬಂದ ಭಾನುವಾರ ಮರೆಯುವಂತಿಲ್ಲ. ಹೋಟೆಲಿನ ಬೋರ್ಡು ಓದಿದರು. ಹೆದ್ದಾರಿಯ ಲಾರಿಗಳ ನಂಬರು ಓದಿದರು. ಎದುರಿನ ತೆಂಗಿನ ಮರ ನೋಡಿ, “ಒಂದೊಂದು ಗರೀನೂ ಬೇರೆ ಬೇರೆ ಕಾಣ್ತದೆ ಕಣ್ರೀ!” ಎಂದು ಎದ್ದು ನಿಂತರು. ಆಮೇಲೆ ಸಾಹುಕಾರರನ್ನು ದಿಟ್ಟಿಸಿ, “ನೀವು ಇಷ್ಟು ಮುದುಕ್ರಾಗಿದೀರಾ? ನನಗೆ ಯಾರೂ ಹೇಳಲೇ ಇಲ್ಲ” ಎಂದರು.

ಸ್ಟೇರಿಂಗ್ ವಾಪಸು ಬಂತು. ಆದರೆ ಪೂರ್ತಿ ತೆಗೆದುಕೊಳ್ಳಲಿಲ್ಲ. “ಹೋಗ್ತಾ ನಂದು, ಬತ್ತಾ ಅವಳ್ದು. ಡ್ಯೂಟಿ ಹಂಚ್ಕಂಡಿದೀವಿ” ಎಂದರು. ಹೋಗುವಾಗ ಆಕೆ ‘ರೈಟ್’ ಅನ್ನುವರು, ಬರುವಾಗ ಅವರು. ಹೀಗೆ ಎರಡು ವರ್ಷ ನಡೆಯಿತು. ಡಿಪೋ ಗೇಟಿನಲ್ಲಿ ನಿಲ್ಲುತ್ತಿದ್ದ ಆ ಹಳೆಯ ಜೊತೆಗಾರರನ್ನು ಹುಡುಕಿಕೊಂಡು ತುರುವೇಕೆರೆಗೆ ಹೋಗಿ, ಕಾರಿನಲ್ಲಿ ಕೂರಿಸಿ ಒಂದು ಸುತ್ತು ಹಾಕಿಸಿಕೊಂಡೂ ಬಂದರಂತೆ. ಇದನ್ನು ನನಗೆ ಹೇಳಿದ್ದು ಅಕ್ಕನವರು, ಅವರು ಹೇಳಲಿಲ್ಲ.

ಈ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅವರು ತೀರಿಕೊಂಡರು. ಮಧ್ಯಾಹ್ನ ಉಂಡು, ಅಟ್ಟದ ಕೆಳಗಿನ ಕಟ್ಟೆಯ ಮೇಲೆ ಒರಗಿದವರು ಏಳಲಿಲ್ಲ. ಎಪ್ಪತ್ತೊಂದು ಆಗಿತ್ತು. ಸ್ಟೇರಿಂಗ್ ಹಿಡಿದ ದಿನದಿಂದ ಒಂದು ನಾಯಿಗೂ ತಾಗಿಸಿರಲಿಲ್ಲ. ಆ ಟಗರಿಗೂ ಇಲ್ಲ.

ಹೋದ ಭಾನುವಾರ ಏಳು ಗಂಟೆಗೆ ಅವರ ಕಾರು ಚಾರ್ಜಿಂಗ್ ಜಾಗಕ್ಕೆ ಬಂತು. ಅಕ್ಕನವರು ಒಬ್ಬರೇ ಇದ್ದರು. ಕಾರಿನ ಹಿಂದೆ ಒಂದು ಚೀಲದಲ್ಲಿ ಕೊಬ್ಬರಿ ಇತ್ತು. ಅಂದು ಡ್ರೈವರಣ್ಣ ಕಾಯಿ ಅಲ್ಲಾಡಬಾರದೆಂದ ಅಟ್ಟದ್ದೇ, ಆದರೆ ಈ ವರ್ಷದ್ದು. ನಮಗೆಲ್ಲ ಒಂದೊಂದು ಪಾಲು ಕೊಟ್ಟರು. ಇಡ್ಲಿ ತಿಂದರು. ಸಾಹುಕಾರರು ಚಾರ್ಜಿಂಗ್ ವೇಗದ ಮಾತು ತೆಗೆದಾಗ, “ಅವಸರಕ್ಕೆ ಹೊಗೆ ಕೊಟ್ಟ ಕೊಬ್ಬರಿ ನಮ್ಮನೇಲಿ ತಿನ್ನಾಕಿಲ್ಲ” ಎಂದರು. ಸಾಹುಕಾರರು ಸಂತೋಷದಿಂದ ಸೋತರು.

ಎಂಟೂವರೆಗೆ ಎದ್ದೆವು. ಸಣ್ಣಗೆ ಹನಿ ಶುರುವಾಗಿತ್ತು. ಮೇಡಂ ಬಾಗಿ, “ಅಕ್ಕ, ವೈಪರ್ ಆಟೋಗೆ ಹಾಕ್ಕೊಳಿ, ಒಬ್ರೇ ಇದೀರ” ಎಂದರು. ಕಿಟಕಿಯಿಂದ ಬಳೆ ತೊಟ್ಟ ಬಲಗೈ ಹೊರಗೆ ಬಂತು. ಅಂಗೈ ಮೇಲ್ಮುಖ. “ಇನ್ನೂ ಬ್ಯಾಡ ಕಣಮ್ಮ” ಎಂದು ಸೀರೆಗೆ ಒರೆಸಿಕೊಂಡರು.

ಆಮೇಲೆ ಎರಡು ಕೈಯಿಂದ ಸ್ಟೇರಿಂಗ್ ಹಿಡಿದು, ಮುಂದೆ ನೋಡುತ್ತ ಕೂತರು. ಕಾರು ಹೊರಡಲಿಲ್ಲ.

“ಏನಾಯ್ತು, ಚಾರ್ಜು ಇಲ್ವಾ?” ಎಂದರು ಸಾಹುಕಾರರು.

ನಾನು ಜೇಬಿಗೆ ಕೈ ಹಾಕಿದೆ. ಎರಡು ಸೀಟಿ ಊದಿದೆ. ಇಡ್ಲಿ ತಿನ್ನುತ್ತಿದ್ದವರು ತಲೆಯೆತ್ತಿದರು. ಕಾರು ಸದ್ದಿಲ್ಲದೆ ಹೆದ್ದಾರಿಗೆ ಹೊರಟಿತು.